ನಗರಪಾಲಿಕೆಯ ಅಧಿಕಾರವೂ ವಿಧಿವಾಕ್ಯವಿಚಾರವೂ

ಶಾಸನವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢಿಯಲ್ಲಿರುವುವು. ಶಿಲೆಯಲ್ಲಿಯೂ ತಾಮ್ರಪಟದಲ್ಲಿಯೂ ಕೆತ್ತಲ್ಪಟ್ಟ ಲೇಖವು ಒಂದು. ಶಾಸನಸಭೆಯಿಂದ ಅಂಗೀಕೃತವಾದ ಕಾನೂನು ಇನ್ನೊಂದು. ಮೊದಲನೆಯದರಲ್ಲಿ ಒಂದು ಅಕ್ಷರವು ಸವೆದಿದ್ದರೆ ಅದು ರೇಫವೋ ಶಕಟರೇಫವೋ ಎಂದು ಪುಟಗಟ್ಟಲೆ ಚರ್ಚಿಸುವ ವಿದ್ವಾಂಸರು, ಎರಡನೆಯದನ್ನು ನ್ಯಾಯವಾದಿಗಳ ಸೊತ್ತೆಂದು ಬದಿಗಿರಿಸಿರುವರು. ಇದು ಸರಿಯಲ್ಲ. ವಾಕ್ಯಾರ್ಥನಿರ್ಣಯವು ಎಲ್ಲಿದೆಯೋ ಅಲ್ಲಿ ವ್ಯಾಕರಣ ಮೀಮಾಂಸೆಗಳಿಗೆ ಪ್ರವೇಶವುಂಟು. ನಗರಪಾಲಿಕೆಯ ಅಧಿಕಾರಗಳನ್ನು ನಿರೂಪಿಸುವ ಶಾಸನಗಳಾದರೋ ಕೇವಲ ವಾಕ್ಯಸಮೂಹಗಳೇ. ಆ ವಾಕ್ಯಗಳ ಕ್ರಿಯಾಪದವು ಒಂದು ಕಡೆಗೆ ವಾಲಿದರೆ ಊರಿಗೆ ಸಭೆಯಿರುವುದು, ಮತ್ತೊಂದು ಕಡೆಗೆ ವಾಲಿದರೆ ಇಲ್ಲದಾಗುವುದು.

ಬೆಂಗಳೂರಿನ ಪೂರ್ವಭಾಗದ ಸಿ.ವಿ. ರಾಮನ್ ನಗರವನ್ನು ಉದಾಹರಣೆಗೆ ಪರಿಗ್ರಹಿಸಿದರೆ ವಿಷಯವು ಸ್ಫುಟವಾಗುವುದು. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ವಿಜ್ಞಾನಿಯ ಹೆಸರನ್ನು ಹೊತ್ತ ಈ ಬಡಾವಣೆಯು ಕಗ್ಗದಾಸಪುರ, ಬೈರಸಂದ್ರ, ನಾಗವಾರಪಾಳ್ಯ ಮೊದಲಾದ ಹಳೆಯ ಊರುಗಳ ನಡುವೆ ಬೆಳೆದುದು. ಒಂದು ಕಡೆ ಕೇಂದ್ರಸರ್ಕಾರದ ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳು, ಇನ್ನೊಂದು ಕಡೆ ತಂತ್ರಾಂಶದ ಕಂಪೆನಿಗಳ ಎತ್ತರದ ಕಟ್ಟಡಗಳು, ನಡುವೆ ಇಕ್ಕಟ್ಟಾದ ಬೀದಿಗಳು, ರೈಲುಹಳಿ, ಕೆರೆ. ಇಲ್ಲಿಯ ಒಂದು ಬೀದಿಯಲ್ಲಿ ನಿಂತು ನಗರಪಾಲಿಕೆಯ ಅಧಿಕಾರವು ಎಲ್ಲಿಂದ ಎಲ್ಲಿಯವರೆಗೆ ಎಂದು ವಿಚಾರಿಸಿದರೆ ಉತ್ತರವು ನಿಷೇಧಮುಖದಿಂದಲೇ ಬರುವುದು. ಕುಡಿಯುವ ನೀರೂ ಒಳಚರಂಡಿಯೂ 1964ರ ಅಧಿನಿಯಮದಿಂದ ಜಲಮಂಡಲಿಯ ಪಾಲಾದುವು. ಬಡಾವಣೆಗಳ ಯೋಜನೆಯನ್ನು 1976ರ ಅಧಿನಿಯಮವು ಅಭಿವೃದ್ಧಿ ಪ್ರಾಧಿಕಾರಕ್ಕೆ ಒಪ್ಪಿಸಿತು. ವಿದ್ಯುತ್ತು ಕಂಪೆನಿಯದು, ಬೆಂಕಿಯನ್ನು ಆರಿಸುವವರು ರಾಜ್ಯಸರ್ಕಾರದವರು, ರೈಲುಹಳಿಯ ಅಕ್ಕಪಕ್ಕದ ನೆಲವು ಕೇಂದ್ರದ್ದು. ನೇತಿ ನೇತಿಯೆಂದು ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವುದು ಪಾಲಿಕೆ.

ಈ ಹಂಚಿಕೆಯ ಪೂರ್ವವೃತ್ತವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1850ರ 26ನೆಯ ಕಾಯಿದೆಯ ಮೇರೆಗೆ 1862ರಲ್ಲಿ ಬೆಂಗಳೂರಿನ ಪೇಟೆಗೂ ದಂಡಿಗೂ ಪ್ರತ್ಯೇಕವಾದ ಮುನಿಸಿಪಲ್ ಮಂಡಲಿಗಳು ಏರ್ಪಟ್ಟುವು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದಾಗ ದಂಡುಪ್ರದೇಶವು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷರ ಕೈಯಲ್ಲಿಯೇ ಉಳಿದು, 1947ರ ಜುಲೈ 26ರಂದು ಸಂಸ್ಥಾನಕ್ಕೆ ಸೇರಿತು. 1949ರ ಅಧಿನಿಯಮವು ಎರಡು ಊರುಗಳನ್ನೂ ಒಂದು ಕಾರ್ಪೊರೇಷನ್ನಿನಲ್ಲಿ ಕೂಡಿಸಿತು. ತರುವಾಯ ಬಂದುದು 1976ರ ಕರ್ನಾಟಕ ನಗರಪಾಲಿಕೆಗಳ ಅಧಿನಿಯಮ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ ಮುಂತಾದ ನಗರಗಳ ಪಾಲಿಕೆಗಳು ಇದರ ಆಶ್ರಯದಲ್ಲಿಯೇ ನಡೆದುಬಂದಿರುವುವು. 2007ರಲ್ಲಿ ಬೆಂಗಳೂರಿನ ಸುತ್ತಣ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ನೂರಕ್ಕೆ ಮೇಲ್ಪಟ್ಟ ಹಳ್ಳಿಗಳನ್ನೂ ಒಟ್ಟುಗೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. ಅದಕ್ಕೇ ಮೀಸಲಾದ ಅಧಿನಿಯಮವು 2020ರಲ್ಲಿ ಅಂಗೀಕೃತವಾಗಿ 2021ರ ಜನವರಿಯಲ್ಲಿ ಜಾರಿಗೆ ಬಂದಿತು. ಅದೂ ಬಹುಕಾಲ ನಿಲ್ಲಲಿಲ್ಲ. 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮವು 2025ರ ಮೇ 15ರಂದು ಜಾರಿಗೆ ಬಂದು, ಅದೇ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳಾದುವು. ಸಿ.ವಿ. ರಾಮನ್ ನಗರವು ಪೂರ್ವದಿಕ್ಕಿನಲ್ಲಿದ್ದರೂ ಬೆಂಗಳೂರು ಕೇಂದ್ರ ನಗರಪಾಲಿಕೆಗೆ ಸೇರಿತು. ಪೂರ್ವವೆಂಬ ಹೆಸರು ಕೃಷ್ಣರಾಜಪುರ ಮಹದೇವಪುರಗಳ ಪಾಲಿಗೆ ಹೋಯಿತು.

ಪ್ರಸಂಗವಶಾತ್ ಹೆಸರುಗಳ ಮಾತು. ಬೃಹತ್ ಎಂಬ ಸಂಸ್ಕೃತಶಬ್ದವನ್ನು ಬೆಂಗಳೂರೆಂಬ ದೇಶ್ಯಶಬ್ದದೊಡನೆ ಸಮಾಸಮಾಡಿದುದು ಅರಿಸಮಾಸವೆಂದು ಕೇಶಿರಾಜನ ಶಿಷ್ಯರು ಆಕ್ಷೇಪಿಸದಿರರು. ಸಂಧಿಯನ್ನು ಮಾಡದೆ ಬಿಡಿಯಾಗಿ ಬರೆದುದು ಆ ದೋಷವನ್ನು ಮರೆಮಾಡುವ ಉಪಾಯವೇ ಹೊರತು ಪರಿಹಾರವಲ್ಲ. ಬೃಹತ್ ಎಂದ ಮೇಲೆ ಮಹತ್ ಎಂದುದು ಪುನರುಕ್ತಿ. ಈಗಿನ ಹೆಸರಿನಲ್ಲಿ ಇಂಗ್ಲಿಷಿನ ಗ್ರೇಟರ್ ಎಂಬುದನ್ನೇ ಕನ್ನಡಲಿಪಿಯಲ್ಲಿ ಬರೆದಿರುವುದರಿಂದ ಸಮಾಸದೋಷದ ಚರ್ಚೆಗೇ ಅವಕಾಶವಿಲ್ಲದಂತಾಯಿತು. ಇವು ಸಣ್ಣ ಮಾತುಗಳು. ದೊಡ್ಡ ಮಾತೆಂದರೆ ಪಾಲಿಕೆಯೆಂಬ ಶಬ್ದವೇ. ಕಾರ್ಪೊರೇಷನ್ ಎಂಬ ಇಂಗ್ಲಿಷ್ ಶಬ್ದದ ಮೂಲಾರ್ಥವು ಶರೀರ. ಸದಸ್ಯರು ಬಂದು ಹೋಗುತ್ತಿದ್ದರೂ ತಾನು ಅಳಿಯದೆ, ತನ್ನದೇ ಮುದ್ರೆಯಿಂದ ಸ್ವತ್ತನ್ನು ಹೊಂದಿ, ತನ್ನದೇ ಹೆಸರಿನಲ್ಲಿ ವ್ಯಾಜ್ಯಮಾಡುವ ನ್ಯಾಯಕಲ್ಪಿತ ವ್ಯಕ್ತಿಯೆಂಬುದು ಅದರ ತಾತ್ಪರ್ಯ. ಪಾಲಿಕೆಯೆಂಬಲ್ಲಿ ಪಾಲಿಸುವ ಕ್ರಿಯೆಯಿದೆ, ಶರೀರವಿಲ್ಲ. ಹಿಂದಿಯವರು ನಿಗಮವೆಂದರು. ಗಣ, ಶ್ರೇಣಿ, ಪೂಗ, ನಿಗಮ ಎಂಬ ಸ್ಮೃತಿಶಬ್ದಗಳಲ್ಲಿ ಸಮುದಾಯದ ಅರ್ಥವು ಸ್ಪಷ್ಟವಾಗಿರುವುದು. ಕನ್ನಡದ ಆಯ್ಕೆಯು ಕಿವಿಗೆ ಹಿತವಾದುದಾದರೂ, ರಕ್ಷಿಸುವವರು ಬೇರೆ ರಕ್ಷಿತರು ಬೇರೆ ಎಂಬ ಭಾವವನ್ನು ಉಂಟುಮಾಡುವುದು. ಪೌರರ ಸಮುದಾಯವೇ ಪಾಲಿಕೆಯೆಂಬ ತತ್ತ್ವವು ಹೆಸರಿನಲ್ಲಿಯೇ ಲುಪ್ತವಾಗಿದೆ.

ಇನ್ನು ಕ್ರಿಯಾಪದದ ವಿಚಾರ. ಇಂಗ್ಲಿಷಿನ ಶಾಸನಗಳಲ್ಲಿ ಆಜ್ಞೆಗೆ ಶಲ್ ಎಂದೂ ಅನುಮತಿಗೆ ಮೇ ಎಂದೂ ಎರಡು ಪದಗಳುಂಟು. ಕನ್ನಡದ ಕಾನೂನಿನ ಭಾಷೆಯಲ್ಲಿ ಮೊದಲನೆಯದಕ್ಕೆ ತಕ್ಕದ್ದು, ಎರಡನೆಯದಕ್ಕೆ ಬಹುದು ಎಂದು ಪ್ರಯೋಗಿಸುವರು. ತಕ್ಕದ್ದು ಎಂಬುದು ಹಳಗನ್ನಡದ ತಗು ಧಾತುವಿನಿಂದಾದ ತಕ್ಕುದು. ಯೋಗ್ಯವಾದುದು ಎಂಬುದು ಅದರ ಮೊದಲ ಅರ್ಥ. ಬಹುದು ಎಂಬುದು ಬರ್ ಧಾತುವಿನ ಬರ್ಪುದು ಎಂಬುದರ ರೂಪಾಂತರ. ಒದಗಿಬರುವುದು ಎಂಬುದು ಅದರ ಮೂಲ. ಎಂದರೆ ಆಜ್ಞಾರ್ಥದ ಪದವು ಔಚಿತ್ಯದಿಂದಲೂ ಅನುಮತ್ಯರ್ಥದ ಪದವು ಒದಗುವಿಕೆಯಿಂದಲೂ ಹುಟ್ಟಿರುವುವು. ಶುದ್ಧವಾದ ಆಜ್ಞೆಯಾಗಲಿ ಶುದ್ಧವಾದ ಐಚ್ಛಿಕತೆಯಾಗಲಿ ಇವೆರಡರಲ್ಲಿಯೂ ಇಲ್ಲ. ಇದು ಕನ್ನಡದ ದಾರಿದ್ರ್ಯವೆಂದು ಭಾವಿಸಬೇಕಾಗಿಲ್ಲ. ತವ್ಯ ಮೊದಲಾದ ಕೃತ್ಯಪ್ರತ್ಯಯಗಳನ್ನು ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಪ್ರೇರಣೆ, ಅನುಮತಿ, ಕಾಲಪ್ರಾಪ್ತಿ ಎಂಬ ಮೂರರ್ಥಗಳಲ್ಲಿಯೂ, ಮುಂದೆ ಯೋಗ್ಯತೆ, ಸಾಮರ್ಥ್ಯ ಎಂಬರ್ಥಗಳಲ್ಲಿಯೂ ವಿಧಿಸಿರುವನು. ಒಂದೇ ಪ್ರತ್ಯಯದಲ್ಲಿ ಇಷ್ಟು ಅರ್ಥಗಳಿರುವಾಗ ಪ್ರಕರಣವನ್ನು ನೋಡಿಯೇ ನಿರ್ಣಯಿಸಬೇಕು. ಇಂಗ್ಲೆಂಡಿನ ನ್ಯಾಯಾಧೀಶರೂ ಇದೇ ದಾರಿಯನ್ನು ಹಿಡಿದರು. 1880ರಲ್ಲಿ ಆಕ್ಸ್‌ಫರ್ಡ್ ಬಿಷಪ್ಪರ ವ್ಯಾಜ್ಯದಲ್ಲಿ, ಅನುಮತಿಯ ಪದವು ಅಧಿಕಾರವನ್ನು ಮಾತ್ರ ಕೊಡುವುದೆಂದೂ, ಆದರೆ ಆ ಅಧಿಕಾರವು ಯಾರ ಹಿತಕ್ಕಾಗಿ ಕೊಡಲ್ಪಟ್ಟಿದೆಯೋ ಅವರು ಅದರ ಪ್ರಯೋಗವನ್ನು ಕೇಳುವ ಹಕ್ಕುಳ್ಳವರಾದರೆ ಅಧಿಕಾರದೊಡನೆ ಕರ್ತವ್ಯವೂ ಕೂಡಿಕೊಳ್ಳುವುದೆಂದೂ ತೀರ್ಮಾನವಾಯಿತು. ಪದವು ಬದಲಾಗಲಿಲ್ಲ, ಪ್ರಕರಣವು ಕರ್ತವ್ಯವನ್ನು ತಂದಿತು. ಮೀಮಾಂಸಕರಿಗೆ ಇದು ಹೊಸ ಮಾತಲ್ಲ.

ಈಗ ಸಂವಿಧಾನದ ಪಾಠವನ್ನು ಪರೀಕ್ಷಿಸತಕ್ಕುದು. 74ನೆಯ ತಿದ್ದುಪಡಿಯು 1992ರಲ್ಲಿ ಅಂಗೀಕೃತವಾಗಿ 1993ರ ಜೂನ್ 1ರಿಂದ ಜಾರಿಗೆ ಬಂದಿತು. ಅದರಲ್ಲಿ ಎರಡು ಅನುಚ್ಛೇದಗಳನ್ನು ಜೊತೆಯಾಗಿ ಓದಬೇಕು. 243-ಯು ಅನುಚ್ಛೇದವು ಪ್ರತಿಯೊಂದು ನಗರಸಂಸ್ಥೆಯ ಅವಧಿಯು ಐದು ವರ್ಷವೆಂದೂ, ಅದು ಮುಗಿಯುವುದಕ್ಕೆ ಮೊದಲೇ ಚುನಾವಣೆಯು ಪೂರ್ಣವಾಗತಕ್ಕದ್ದೆಂದೂ ವಿಧಿಸುವುದು. 243-ಡಬ್ಲ್ಯು ಅನುಚ್ಛೇದವು ನಗರಸಂಸ್ಥೆಗಳು ಸ್ವಯಮಾಡಳಿತದ ಸಂಸ್ಥೆಗಳಾಗಿ ನಡೆಯಲು ಅವಶ್ಯವಾದ ಅಧಿಕಾರಗಳನ್ನು ರಾಜ್ಯದ ಶಾಸನಸಭೆಯು ಕೊಡಬಹುದು ಎನ್ನುವುದು. ಹನ್ನೆರಡನೆಯ ಅನುಸೂಚಿಯಲ್ಲಿ ನಗರಯೋಜನೆ, ರಸ್ತೆಗಳು, ನೀರು, ಅಗ್ನಿಶಾಮಕ ಇತ್ಯಾದಿ 18 ವಿಷಯಗಳು ಎಣಿಸಲ್ಪಟ್ಟಿರುವುವು. ಸಭೆಯಿರತಕ್ಕದ್ದು, ಅದಕ್ಕೆ ಕೆಲಸವಿರಬಹುದು ಎಂದಂತಾಯಿತು! ಒಂದೇ ಪ್ರಕರಣದಲ್ಲಿ ಶರೀರಕ್ಕೆ ವಿಧಿ, ಪ್ರಾಣಕ್ಕೆ ವಿಕಲ್ಪ. ಮೀಮಾಂಸೆಯಲ್ಲಿ ವಿಕಲ್ಪಕ್ಕೆ ಎಂಟು ದೋಷಗಳನ್ನು ಹೇಳಿ, ಗತ್ಯಂತರವಿರುವಲ್ಲಿ ಅದನ್ನು ಅಂಗೀಕರಿಸಕೂಡದೆಂದು ಸಿದ್ಧಾಂತ ಮಾಡಿರುವರು. ವ್ರೀಹಿಯಿಂದ ಯಾಗಮಾಡಿದ ದಿನ ಯವವಾಕ್ಯದ ಪ್ರಾಮಾಣ್ಯವು ಬಾಧಿತವಾಗುವುದು. ಮರುದಿನ ಯವವನ್ನು ಹಿಡಿದರೆ ಬಿಟ್ಟ ಪ್ರಾಮಾಣ್ಯವನ್ನು ಮತ್ತೆ ಒಪ್ಪಬೇಕಾಗುವುದು. ಅನುಸೂಚಿಯ 18 ವಿಷಯಗಳ ಸ್ಥಿತಿಯೂ ಹೀಗೆಯೇ. ನೀರು ಪಾಲಿಕೆಯ ವಿಷಯವೆಂದು ಅನುಸೂಚಿಯು ಹೇಳುವುದು. ನೀರು ಜಲಮಂಡಲಿಯದೆಂದು 1964ರ ಅಧಿನಿಯಮವು ಹೇಳುವುದು. ಬಹುದು ಎಂಬ ಒಂದೇ ಪದದಿಂದ ಎರಡೂ ವಾಕ್ಯಗಳು ಪರಸ್ಪರ ತಗಲದೆ ಬದುಕಿಕೊಂಡಿರುವುವು.

ಪೂರ್ವಪಕ್ಷವುಂಟು. ನಗರಾಡಳಿತವು ರಾಜ್ಯಪಟ್ಟಿಯ ವಿಷಯ. ಶಾಸನಸಭೆಗೆ ಆಜ್ಞಾಪಿಸುವುದು ಒಕ್ಕೂಟದ ನ್ಯಾಯಕ್ಕೆ ವಿರುದ್ಧ. ಒಂದು ರಾಜ್ಯದ ದೊಡ್ಡ ನಗರಕ್ಕೂ ಇನ್ನೊಂದರ ಸಣ್ಣ ಪಟ್ಟಣಕ್ಕೂ ಒಂದೇ ಅಳತೆಯು ಹೊಂದದು ಎಂದು. ಇದರಲ್ಲಿ ತಿರುಳಿಲ್ಲದೆ ಇಲ್ಲ. ಆದರೆ ಚುನಾವಣೆಯ ವಿಷಯದಲ್ಲಿ ಅದೇ ಶಾಸನಸಭೆಗೆ ಆಜ್ಞೆಯನ್ನು ಕೊಟ್ಟಿರುವಾಗ ಕೆಲಸದ ವಿಷಯದಲ್ಲಿ ಮಾತ್ರ ಸಂಕೋಚವೇಕೆಂಬುದಕ್ಕೆ ಪೂರ್ವಪಕ್ಷದವರು ಉತ್ತರ ಹೇಳಬೇಕು. ಇಷ್ಟಾಗಿಯೂ ಆಜ್ಞೆಯಾದರೂ ನಿಂತಿತೇ? 2006ರಲ್ಲಿ ಕಿಶನ್‌ಸಿಂಗ್ ತೋಮರ್ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 243-ಯು ಅನುಚ್ಛೇದವು ಕಡ್ಡಾಯವಾದುದೆಂದು ಅಸಂದಿಗ್ಧವಾಗಿ ಹೇಳಿತು. ಬೆಂಗಳೂರಿನಲ್ಲಿ 2015ರಲ್ಲಿ ಚುನಾಯಿತವಾದ ಸಭೆಯ ಅವಧಿಯು 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ವಾರ್ಡುಗಳನ್ನು 198ರಿಂದ 243ಕ್ಕೆ ಏರಿಸುವ ನೆಪವು ಎದುರಾಯಿತು. ಆ ಡಿಸೆಂಬರಿನಲ್ಲಿ ಹಳೆಯ 198 ವಾರ್ಡುಗಳಿಗೇ ಚುನಾವಣೆಯನ್ನು ನಡಸಬೇಕೆಂದು ರಾಜ್ಯದ ಉಚ್ಚ ನ್ಯಾಯಾಲಯವು ಆದೇಶಿಸಿತು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ಅಲ್ಲಿಂದ 2025ರಲ್ಲಿ ಆ ಪಾಲಿಕೆಯೇ ಇಲ್ಲವಾಗುವವರೆಗೆ ಐದು ವರ್ಷಗಳು, ಎಂದರೆ ಒಂದು ಸಭೆಯ ಪೂರ್ಣಾಯುಸ್ಸು, ಆಡಳಿತಾಧಿಕಾರಿಯ ಕೈಯಲ್ಲಿ ಕಳೆಯಿತು. ತಕ್ಕದ್ದು ಎಂಬುದು ತನ್ನ ಮೂಲಾರ್ಥಕ್ಕೆ, ಎಂದರೆ ನಡೆದರೆ ಒಳ್ಳೆಯದು ಎಂಬಷ್ಟಕ್ಕೆ, ಹಿಂದಿರುಗಿದ ನಿದರ್ಶನವಿದು.

1976ರ ಅಧಿನಿಯಮದ ಪಾಠವು ಈ ದೃಷ್ಟಿಯಿಂದ ಉತ್ತಮವಾಗಿರುವುದು. 58ನೆಯ ಪ್ರಕರಣದಲ್ಲಿ ಪಾಲಿಕೆಯು ಮಾಡಲೇಬೇಕಾದ ಕೆಲಸಗಳನ್ನೂ, 60ನೆಯ ಪ್ರಕರಣದಲ್ಲಿ ವಿವೇಚನೆಗೆ ಬಿಟ್ಟ ಕೆಲಸಗಳನ್ನೂ ಬೇರೆಬೇರೆಯಾಗಿ ಇಟ್ಟಿರುವರು. ನಿತ್ಯಕರ್ಮಕ್ಕೂ ಕಾಮ್ಯಕರ್ಮಕ್ಕೂ ಇರುವ ಭೇದವೇ ಇದು. ಬೀದಿಯನ್ನು ಗುಡಿಸುವುದು, ದೀಪ ಬೆಳಗುವುದು, ಚರಂಡಿ, ಜನನಮರಣಗಳ ನೋಂದಣಿ ಇವು ನಿತ್ಯ. ಮಾಡಿದರೆ ವಿಶೇಷ ಪುಣ್ಯವಿಲ್ಲ, ಬಿಟ್ಟರೆ ಪ್ರತ್ಯವಾಯವುಂಟು. ನಿತ್ಯಕರ್ಮವನ್ನು ಯಥಾಶಕ್ತಿ ಮಾಡಿದರೆ ಸಾಕೆಂಬ ನ್ಯಾಯವನ್ನು ಪಾಲಿಕೆಗಳು ಬಹಳ ಕಾಲ ಆಶ್ರಯಿಸಿದುವು. ಹಣವಿಲ್ಲವೆಂಬುದೇ ಅವುಗಳ ಸಾರ್ವಕಾಲಿಕ ಉತ್ತರ. ಮಧ್ಯಪ್ರದೇಶದ ರತ್ಲಾಮಿನ ಪುರಸಭೆಯು ಈ ಉತ್ತರವನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದಿತು. ತೆರೆದ ಚರಂಡಿಯ ದುರ್ಗಂಧದಿಂದ ಬೇಸತ್ತ ನಿವಾಸಿಗಳು ಮ್ಯಾಜಿಸ್ಟ್ರೇಟರ ಬಳಿಗೆ ಹೋಗಿದ್ದರು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣಯ್ಯರ್ ಅವರು, ಶಾಸನವು ವಿಧಿಸಿದ ಪ್ರಾಥಮಿಕ ಕರ್ತವ್ಯದಿಂದ ನುಣುಚಿಕೊಳ್ಳಲು ಹಣದ ಅಭಾವವು ನೆಪವಾಗಲಾರದೆಂದು ತೀರ್ಪಿತ್ತರು. ಬೆಂಗಳೂರಿನ ರಸ್ತೆಗುಂಡಿಗಳ ವಿಷಯದಲ್ಲಿ 2015ರಲ್ಲಿ ದಾಖಲಾದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯ ಮೇಲೆ ಉಚ್ಚ ನ್ಯಾಯಾಲಯವು 2019ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಸುಸ್ಥಿತಿಯ ರಸ್ತೆಯು ಜೀವಿಸುವ ಹಕ್ಕಿನಲ್ಲಿಯೇ ಅಂತರ್ಗತವೆಂದಿತು. ಕೌಟಿಲ್ಯನ ನಗರಾಧ್ಯಕ್ಷನ ಪ್ರಕರಣವನ್ನು ಬಲ್ಲವರಿಗೆ ಇಲ್ಲೊಂದು ವ್ಯತ್ಯಾಸವು ಗೋಚರಿಸುವುದು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು 1909ರಲ್ಲಿ ಶಾಮಶಾಸ್ತ್ರಿಗಳಿಂದ ಪ್ರಕಟಿತವಾದ ಆ ಗ್ರಂಥದಲ್ಲಿ ಬೀದಿಗೆ ಧೂಳನ್ನು ಸುರಿದವನಿಗೆ ಪಣದ ಎಂಟನೆಯ ಒಂದು ಪಾಲು, ಕೆಸರುನೀರಿನಿಂದ ಬೀದಿಯನ್ನು ತಡೆದವನಿಗೆ ಕಾಲು ಪಣ, ರಾಜಮಾರ್ಗದಲ್ಲಿ ಇವುಗಳ ಎರಡರಷ್ಟು ಎಂದು ದಂಡವಿದೆ. ದಂಡವು ಪೌರನಿಗೆ. ರತ್ಲಾಮಿನಲ್ಲಿಯೂ ಬೆಂಗಳೂರಿನಲ್ಲಿಯೂ ಪೌರನೇ ವಾದಿ, ಪಾಲಿಕೆಯು ಪ್ರತಿವಾದಿ.

ಅಧಿಕಾರವೆಂಬ ಶಬ್ದವನ್ನೇ ತೆಗೆದುಕೊಂಡರೂ ಹೀಗೆ. ವೈಯಾಕರಣರ ಅಧಿಕಾರವು ಮುಂದಿನ ಸೂತ್ರಗಳಲ್ಲೆಲ್ಲ ಅನುವೃತ್ತವಾಗುವ ಪದ. ಮೀಮಾಂಸಕರ ಅಧಿಕಾರವು ಫಲಸ್ವಾಮ್ಯ. ಕರ್ಮದ ಫಲವು ಯಾರಿಗೆ ಸಲ್ಲುವುದೋ ಅವನೇ ಅಧಿಕಾರಿ. ಯಜಮಾನನು ಅಧಿಕಾರಿ, ಋತ್ವಿಜರು ದಕ್ಷಿಣೆಗಾಗಿ ಕೆಲಸಮಾಡುವವರು. ಇಂದಿನ ಕನ್ನಡದಲ್ಲಿ ಅಧಿಕಾರಿಯೆಂದರೆ ಕಚೇರಿಯಲ್ಲಿ ಕುಳಿತವನು! ಮೀಮಾಂಸೆಯ ರೀತಿಯಲ್ಲಿ ನೋಡಿದರೆ ತೆರಿಗೆಯನ್ನು ತೆತ್ತು ಬೀದಿಯಲ್ಲಿ ನಡೆಯುವವನು ಯಜಮಾನನಾಗಿ, ಆಯುಕ್ತರೂ ಅಭಿಯಂತರರೂ ಋತ್ವಿಕ್ಸ್ಥಾನದಲ್ಲಿ ನಿಲ್ಲುವರು.

ಪಾಲಿಕೆಯ ಅಧಿಕಾರವು ಸ್ವಯಂಸಿದ್ಧವಲ್ಲ, ದತ್ತವಾದುದು. ಶಾಸನವು ಎಣಿಸಿದುದಕ್ಕಿಂತ ಹೊರಗೆ ಅದು ಮಾಡಿದುದೆಲ್ಲ ಅಸಿಂಧು. ಪರಿಸಂಖ್ಯಾವಿಧಿಯಲ್ಲಿ ಕೆಲವನ್ನು ಎಣಿಸಿದುದರಿಂದಲೇ ಇತರವು ನಿವೃತ್ತವಾಗುವಂತೆ ಇಲ್ಲಿಯೂ. ಎಣಿಸಿದ ಕೆಲಸಕ್ಕೆ ಅಂಗವಾಗಿ ಸಹಜವಾಗಿ ಬೇಕಾಗುವುದನ್ನು ಮಾತ್ರ ಅರ್ಥಾಪತ್ತಿಯಿಂದ ಸೇರಿಸಿಕೊಳ್ಳುವರು. ಧರ್ಮಶಾಸ್ತ್ರದ ದೃಷ್ಟಿಯು ಬೇರೆಯಾಗಿತ್ತು. ಯಾಜ್ಞವಲ್ಕ್ಯನು ಸಂವಿದ್ವ್ಯತಿಕ್ರಮ ಪ್ರಕರಣದಲ್ಲಿ, ತನ್ನ ಧರ್ಮಕ್ಕೆ ವಿರೋಧವಾಗದಂತೆ ಸಮುದಾಯದ ಕಟ್ಟಳೆಯನ್ನೂ ರಾಜನು ಮಾಡಿದ ಕಟ್ಟಳೆಯನ್ನೂ ಸಮಾನಪ್ರಯತ್ನದಿಂದ ಕಾಪಾಡಬೇಕೆನ್ನುವನು. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಸಮುದಾಯದ ಕಟ್ಟಳೆಗೆ ಕೊಡುವ ಉದಾಹರಣೆಗಳು ದನ ಮೇಯುವ ನೆಲ, ನೀರಿನ ರಕ್ಷಣೆ, ದೇವಾಲಯದ ಪಾಲನೆ. ಇವು ರಾಜನಿಂದ ಬಂದ ಅಧಿಕಾರಗಳಲ್ಲ. ಜನರು ತಾವಾಗಿ ಒಪ್ಪಿಕೊಂಡವು, ರಾಜನು ಮನ್ನಿಸತಕ್ಕವು. ಸಿ.ವಿ. ರಾಮನ್ ನಗರಕ್ಕೆ ಸಮೀಪದ ದೊಮ್ಮಲೂರು ತನ್ನ ದೇವಾಲಯದ ತಮಿಳು ಶಾಸನಗಳಲ್ಲಿ ದೇಶಿಮಾಣಿಕ್ಯಪಟ್ಟಣವೆಂದು ಕರೆಯಲ್ಪಟ್ಟಿರುವುದನ್ನು ಇಲ್ಲಿ ಸ್ಮರಿಸಬಹುದು. ದೇಶಿಯೆಂಬುದು ವರ್ತಕರ ಸಮುದಾಯವನ್ನು ಸೂಚಿಸುವ ಶಬ್ದ. ಆದರೆ ಆ ಕಾಲವನ್ನು ಅತಿಯಾಗಿ ಹೊಗಳುವುದೂ ಅನುಚಿತ. ಗಣದ ಕಟ್ಟಳೆಯಲ್ಲಿ ಊರಿನ ಎಲ್ಲರಿಗೂ ಮಾತಿರಲಿಲ್ಲ. ಇಂದಿನ ಶಾಸನದಲ್ಲಿ ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಮತವುಂಟು. ದತ್ತಾಧಿಕಾರದ ಸಂಕೋಚವನ್ನು ತೂಗುವಾಗ ಈ ಲಾಭವನ್ನೂ ತಕ್ಕಡಿಯಲ್ಲಿಡಬೇಕು.

ತೆರಿಗೆಯ ಅಧಿಕಾರದಲ್ಲಿ ಈ ಬಡಾವಣೆಗೆ ವಿಶಿಷ್ಟವಾದೊಂದು ಗ್ರಂಥಿಯಿದೆ. ಸಂವಿಧಾನದ 285ನೆಯ ಅನುಚ್ಛೇದದಂತೆ ಸಂಸತ್ತು ಬೇರೆ ವಿಧಿಸದ ಹೊರತು ಕೇಂದ್ರಸರ್ಕಾರದ ಸ್ವತ್ತಿಗೆ ರಾಜ್ಯವಾಗಲಿ ರಾಜ್ಯದೊಳಗಣ ಪ್ರಾಧಿಕಾರವಾಗಲಿ ತೆರಿಗೆಯನ್ನು ಹಾಕಕೂಡದು. ಆದುದರಿಂದ ಪ್ರಯೋಗಾಲಯಗಳ ವಿಶಾಲವಾದ ಆವರಣದ ಬಾಗಿಲಲ್ಲಿ ಪಾಲಿಕೆಯ ತೆರಿಗೆಯು ನಿಲ್ಲುವುದು. ಹೊರಗಿನ ರಸ್ತೆ, ದೀಪ, ಚರಂಡಿಗಳ ಕರ್ತವ್ಯವು ನಿಲ್ಲುವುದಿಲ್ಲ. ಸರ್ಕಾರದ ಒಡೆತನದ ಕಂಪೆನಿಗಳಿಗೆ ಈ ವಿನಾಯಿತಿಯಿಲ್ಲ. ಕಂಪೆನಿಯು ಬೇರೆಯೇ ಆದ ನ್ಯಾಯವ್ಯಕ್ತಿಯೆಂಬುದು ಕಾರಣ. ಇಲ್ಲಿ ಶಬ್ದವೇ ಹಣವನ್ನು ಉಳಿಸಿತು. ತೆರಿಗೆಯೆಂದರೆ ನಿಷೇಧ, ಸೇವೆಗೆ ಶುಲ್ಕವೆಂದರೆ ನಿಷೇಧವಿಲ್ಲ. ರಾಜಕೋಟ್ ನಗರಪಾಲಿಕೆಯ ವ್ಯಾಜ್ಯದಲ್ಲಿ 2009ರಲ್ಲಿ ಕೇಂದ್ರವು ಪಡೆಯುವ ಸೇವೆಯ ಪ್ರಮಾಣಕ್ಕನುಸಾರವಾಗಿ ಆಸ್ತಿತೆರಿಗೆಯ ಶೇಕಡ 75, 50 ಅಥವಾ 33⅓ ರಷ್ಟನ್ನು ಸೇವಾಶುಲ್ಕವಾಗಿ ಕೊಡುವ ಏರ್ಪಾಡನ್ನು ಸರ್ವೋಚ್ಚ ನ್ಯಾಯಾಲಯವು ದಾಖಲಿಸಿತು. ಪದಭೇದದಿಂದ ಅರ್ಥಭೇದವಿಲ್ಲವೆನ್ನುವವರು ಈ ಲೆಕ್ಕವನ್ನು ನೋಡತಕ್ಕುದು.

ಕಟ್ಟಡವನ್ನು ಕೆಡಹುವ ಅಧಿಕಾರದಲ್ಲಿ ಕ್ರಮವು ಅತಿಮುಖ್ಯ. 1976ರ ಅಧಿನಿಯಮದ 321ನೆಯ ಪ್ರಕರಣದಂತೆ ಪರವಾನಗಿಯಿಲ್ಲದ ಕಟ್ಟಡಕ್ಕೆ ಆಯುಕ್ತರು ಮೊದಲು ತಾತ್ಕಾಲಿಕ ಆದೇಶವನ್ನು ಹೊರಡಿಸಿ, ಕಾರಣವನ್ನು ಕೇಳಿ, ಆ ಬಳಿಕ ಅದನ್ನು ಸ್ಥಿರಪಡಿಸುವರು. ನಡುವಣ ಕೇಳುವಿಕೆಯನ್ನು ಬಿಟ್ಟರೆ ಉಳಿದೆರಡೂ ವ್ಯರ್ಥ. ಲಂಡನ್ನಿನ ವಾಂಡ್ಸ್‌ವರ್ತ್ ಮಂಡಲಿಯು ಮಾಲಿಕನನ್ನು ಕೇಳದೆಯೇ ಮನೆಯನ್ನು ಕೆಡಹಿ 1863ರಲ್ಲಿ ಸೋತುದು ಇದೇ ಕಾರಣದಿಂದ. 2024ರ ನವೆಂಬರ್ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಕನಿಷ್ಠ 15 ದಿನಗಳ ನೋಟೀಸು ಅವಶ್ಯವೆಂದು ವಿಧಿಸಿದುದೂ ಇದೇ ಕಾರಣದಿಂದ. ರಸ್ತೆ, ಜಲಮಾರ್ಗಗಳ ಒತ್ತುವರಿಯನ್ನು ಆ ತೀರ್ಪು ಹೊರಗಿಟ್ಟಿತೆಂಬ ಅಪವಾದವು ಕೆರೆಗಳಿರುವ ಈ ಭಾಗಕ್ಕೆ ಮುಖ್ಯವಾದುದು. ಉತ್ಸರ್ಗವನ್ನು ಕಲಿತವರು ಅಪವಾದವನ್ನು ಮರೆಯಕೂಡದು.

ಕನ್ನಡದ ಪಾಠದ ವಿಷಯವಾಗಿ ಇನ್ನೊಂದು ಮಾತು ಉಳಿದಿದೆ. 348ನೆಯ ಅನುಚ್ಛೇದದ ಮೇರೆಗೆ ಅಧಿನಿಯಮಗಳ ಪ್ರಮಾಣಪಾಠವು ಇಂಗ್ಲಿಷಿನದು. ಆದರೆ ವಾರ್ಡಿನ ಪೌರನು ಓದುವುದು ಕನ್ನಡದ ಪಾಠವನ್ನು. ಪರಂತು, ಒಳಪಟ್ಟು, ಏನೇ ಒಳಗೊಂಡಿದ್ದರೂ ಎಂಬ ಮೂರು ಸಾಮಗ್ರಿಗಳಿಂದ ಕನ್ನಡದ ಅಧಿನಿಯಮಗಳು ಕಟ್ಟಲ್ಪಟ್ಟಿರುವುವು. ಪರಂತು ಅಪವಾದಕ್ಕೂ, ಒಳಪಟ್ಟು ದುರ್ಬಲತ್ವಕ್ಕೂ, ಮೂರನೆಯದು ಪ್ರಾಬಲ್ಯಕ್ಕೂ ಚಿಹ್ನೆಗಳು. ಇವು ನೆಲೆಗೊಂಡಿರುವುವು, ಕದಲಿಸಬೇಕಾಗಿಲ್ಲ. ಕೊರತೆಯಿರುವುದು ಅನುಮತಿಗೂ ಕರ್ತವ್ಯಸಹಿತವಾದ ಅಧಿಕಾರಕ್ಕೂ ಬಹುದು ಎಂಬ ಒಂದೇ ಪದವನ್ನು ಬಳಸುವುದರಲ್ಲಿ. ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿ, ಅದರ ಕೆಳಗೆ ಐದು ಪಾಲಿಕೆಗಳು 369 ವಾರ್ಡುಗಳಾಗಿ ಹಂಚಲ್ಪಟ್ಟಿರುವ ಏರ್ಪಾಡಿನಲ್ಲಿ, ಮೇಲಿನವರ ಬಹುದು ಕೆಳಗಿನವರ ತಕ್ಕದ್ದನ್ನು ನುಂಗುವ ಸಂಭವವು ಹೆಚ್ಚು. ಐಚ್ಛಿಕವಾದಲ್ಲಿ ಮಾಡಬಹುದು ಎಂದೂ, ಪೌರನ ಹಿತಕ್ಕಾಗಿ ಕೊಟ್ಟ ಅಧಿಕಾರವಾದಲ್ಲಿ ಮಾಡಲು ಅಧಿಕಾರವುಂಟು, ಪ್ರಸಕ್ತಿ ಬಂದಲ್ಲಿ ಮಾಡತಕ್ಕದ್ದು ಎಂದೂ ಎರಡು ಬಗೆಯಾಗಿ ಅನುವಾದಿಸಿದರೆ ವಾಕ್ಯವು ನಾಲ್ಕು ಪದಗಳಷ್ಟು ಉದ್ದವಾಗುವುದು. ಅನುವಾದಕರು ಈ ಗೌರವದೋಷವನ್ನು ಸಹಿಸಬಹುದೇ ಎಂಬುದು ವಿದ್ವಾಂಸರ ವಿಚಾರಕ್ಕೆ ಅರ್ಹವಾಗಿದೆ.